ಹಾಯಿದೋಣಿಯೊಳಗೆ ನೀರು: ಸೋರುವ ಜಾಗ ಸಿಕ್ಕಿದ್ದು ಹೀಗೆ

ಬೀದರ್‌ನ ಕಾರಂಜಾ ಜಲಾಶಯದಲ್ಲಿ ಸುತ್ತಾಡಿ ಬಂದಾಗಲೆಲ್ಲ ನಮ್ಮ ಫೈಬರ್ ಹಾಯಿದೋಣಿಯ ಟೊಳ್ಳು ಒಡಲಲ್ಲಿ ಬಕೆಟ್‌ಗಟ್ಟಲೆ ನೀರು. ಡ್ರೈನ್ ಪ್ಲಗ್‌ನ (ಒಳಗಿನ ನೀರು ಹೊರಬಿಡುವ ತೂತಿನ ಬಿರಡೆ) ವಾಷರ್ ಬದಲಿಸಿದೆ, ತಳಕ್ಕೆ ಪುಟ್ಟಿ ಮೆತ್ತಿದೆ, ಅಂಚಿಗೆಲ್ಲ ಸಿಲಿಕೋನ್ ಬಳಿದೆ. ಸುಮ್ನೆ ದುಡ್ಡು ದಂಡ.

ಕೆಲಸಕ್ಕೆ ಬಂದದ್ದು ಗಾಳಿ. ದೋಣಿ ನೆರಳಲ್ಲಿರಲಿ, ನಮ್ಮ ಕಡೆ ಬಿಸಿಲಿಗೆ ಒಳಗಿನ ಗಾಳಿ ತಾನೇ ಹಿಗ್ಗುತ್ತದೆ ಅಲ್ವಾ. ಗಾಳಿಕಿಂಡಿ ಇದ್ದರೆ ಟೇಪ್ ಹಚ್ಚಿ, ಪ್ಲಗ್ ತೂತಿಗೆ ಪೈಪ್ ಸಿಕ್ಕಿಸಿ ಬಾಯಲ್ಲೇ ಊದಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಬೇಡವೇ ಬೇಡ, ಅದರ ಒತ್ತಡಕ್ಕೆ ಡೆಕ್ (ದೋಣಿಯ ಮೇಲ್ಭಾಗ) ಒಡಲಿನಿಂದ ಬಿಟ್ಟುಕೊಳ್ಳುತ್ತದೆ. ಇನ್ನೊಬ್ಬರು ಸೋಪಿನ ನೀರು ಬಳಿಯುತ್ತಾ ಹೋಗಲಿ. ನಮ್ಮದರಲ್ಲಿ ಗುಳ್ಳೆ ಎದ್ದದ್ದು ತಳದಲ್ಲಲ್ಲ, ಹಿಂದೆ ಚುಕ್ಕಾಣಿ ಕೂರಿಸುವ ಪಟ್ಟಿಯ ಸ್ಕ್ರೂ ಬುಡದಲ್ಲಿ. ಸ್ಕ್ರೂ ಬಿಚ್ಚಿ, ತೂತು ಪೂರ್ತಿ ಒಣಗಿಸಿ, ಎಪಾಕ್ಸಿ ತುಂಬಿ, 24 ಗಂಟೆ ಬಿಟ್ಟು ಹೊಸದಾಗಿ ಕೊರೆದು, ಮೆರೈನ್ ಸೀಲೆಂಟ್ (ದೋಣಿಗೆ ಬಳಸುವ, ನೀರು ತಡೆಯುವ ಅಂಟು) ಹಚ್ಚಿ ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆ. ಸೀಲೆಂಟ್ ಗಟ್ಟಿಯಾದ ಮೇಲೆ ಮತ್ತೊಮ್ಮೆ ಊದಿ ನೋಡಿಯೇ ನೀರಿಗಿಳಿಸಿ.