ಕ್ಯಾಮೆರಾ ಆಫ್, ಮೈಕ್ ಆಫ್, ‘ಗೊತ್ತಾಯ್ತು ಸಾ’

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಟ್ಯಾಲಿ ಎಂಬ ಲೆಕ್ಕ ಬರೆಯುವ ಸಾಫ್ಟ್‌ವೇರ್, ಜಿಎಸ್‌ಟಿ ಹೇಳಿಕೊಡುತ್ತೇನೆ. ಕಲಿಯುವವರು ಹುಡುಗರಲ್ಲ. ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಅಂಗಡಿ ಗುಮಾಸ್ತರು, ಆಡಿಟರ್ ಆಫೀಸಿನ ಸಹಾಯಕರು, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಮತ್ತೆ ಕೆಲಸ ಹುಡುಕುತ್ತಿರುವ ಬಿ.ಕಾಂ. ಓದಿದ ಹೆಣ್ಣುಮಕ್ಕಳು. ಸ್ವಂತ ದುಡ್ಡು ಕಟ್ಟಿ ತಾವಾಗಿಯೇ ಬಂದವರು. ಸೋಮಾರಿಗಳು ಅನ್ನೋ ಹಾಗಿಲ್ಲ. ಆದರೂ ಕಾಲೇಜು ಹುಡುಗರ ಮೇಲೆ ಬರದ ಸಿಟ್ಟು ಇವರ ಮೇಲೆ ಬರುತ್ತದೆ.

ದೊಡ್ಡ ತೊಡಕು ಮರ್ಯಾದೆಯದು. ಗೊತ್ತಾಗಲಿಲ್ಲ ಅಂತ ನಾಲ್ಕು ಜನರೆದುರು ಹೇಳಲು ನಲವತ್ತು ದಾಟಿದವರಿಗೆ ಬಾಯಿ ಬರುವುದಿಲ್ಲ. ‘ಅರ್ಥ ಆಯ್ತಾ?’ ಅಂದರೆ ಕಪ್ಪು ಚೌಕದೊಳಗಿಂದ ಒಬ್ಬರು ‘ಆಯ್ತು ಸಾ’ ಅನ್ನುತ್ತಾರೆ, ಉಳಿದವರು ಹೆಬ್ಬೆರಳ ಚಿತ್ರ ಒತ್ತುತ್ತಾರೆ. ಎದುರು ಕೂತಿದ್ದರೆ ಮುಖ ನೋಡಿಯೇ ತಿಳಿಯುತ್ತಿತ್ತು. ಈಗ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೇನೆ. ಒಂದು ಬಿಲ್ ತೋರಿಸಿ, ಎಂಟ್ರಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಫೋಟೊ ಕಳಿಸಿ ಅನ್ನುತ್ತೇನೆ. ಗ್ರೂಪಿಗಲ್ಲ, ನನ್ನೊಬ್ಬನಿಗೆ. ಬೆಂಗಳೂರಿನ ಬಿಲ್ಲಿಗೆ ಹೊರರಾಜ್ಯದ ವ್ಯಾಪಾರದ ತೆರಿಗೆಯಾದ ಐಜಿಎಸ್‌ಟಿ ಹಾಕಿದವರೆಷ್ಟು, ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಅಂತ ಸರಿಯಾಗಿ ಒಡೆದವರೆಷ್ಟು ಎಂಬುದು ಆಗ ಬಯಲಾಗುತ್ತದೆ. ತಪ್ಪನ್ನು ವಾಯ್ಸ್ ಮೆಸೇಜಿನಲ್ಲಿ ಅವರಿಗಷ್ಟೇ ಹೇಳುತ್ತೇನೆ.

ಎಲ್ಲರೂ ಸುಮ್ಮನಿರುತ್ತಾರೆ ಅಂತಲ್ಲ. ಬೆಲ್ಲದ ಮಂಡಿಯಲ್ಲಿ ಕೈಬರಹದ ಲೆಕ್ಕ ಬರೆದೇ ಕೂದಲು ನರೆತ ಒಬ್ಬರಿದ್ದರು. ಬ್ಯಾಂಕಿಗೆ ದುಡ್ಡು ಕಟ್ಟಿದರೆ ಬ್ಯಾಂಕ್ ಖಾತೆ ಡೆಬಿಟ್ ಅಂದೆ. ಪಾಸ್‌ಬುಕ್ ಕ್ಯಾಮೆರಾಕ್ಕೇ ಹಿಡಿದರು. ‘ಇಲ್ಲಿ ಕ್ರೆಡಿಟ್ ಅಂತ ಹಾಕವ್ರೆ. ಬ್ಯಾಂಕ್‌ನೋರು ಸುಳ್ ಹೇಳ್ತಾರಾ ಸಾ?’ ಪುಸ್ತಕದ ನಿಯಮ ಒಪ್ಪಿಸಿದರೆ ಇಂಥವರು ಬಗ್ಗುವುದಿಲ್ಲ, ಬಗ್ಗಬೇಕಾಗಿಯೂ ಇಲ್ಲ. ‘ಯಜಮಾನ್ರೆ, ರೈತರು ಬೆಲ್ಲದ ದುಡ್ಡು ಮಂಡೀಲೇ ಬಿಟ್ಟು ಹೋದ್ರೆ ಅವರ ಖಾತೆಗೆ ಏನಂತ ಬರೀತೀರಿ?’ ಅಂತ ಕೇಳಿದೆ. ‘ಜಮಾ ಅಂತ.’ ‘ನೀವು ಅವರಿಗೆ ಕೊಡಬೇಕು, ಅದಕ್ಕೆ ಜಮಾ. ಪಾಸ್‌ಬುಕ್ಕು ಬ್ಯಾಂಕಿನವರ ಲೆಕ್ಕ. ಅವರು ನಿಮಗೆ ಕೊಡಬೇಕು, ಅದಕ್ಕೆ ಕ್ರೆಡಿಟ್. ನಿಮ್ಮ ಲೆಕ್ಕದಲ್ಲಿ ಅದೇ ದುಡ್ಡು ಬ್ಯಾಂಕಿನಿಂದ ಬರಬೇಕಾದ್ದು, ಡೆಬಿಟ್.’ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹಂಗಾದ್ರೆ ಬ್ಯಾಂಕ್‌ಗೆ ನಾವೇ ರೈತ್ರು ಅನ್ನಿ!’

ಅವರಿಂದಲೇ ಒಂದು ಪಾಠವನ್ನೂ ಮಾಡಿಸಿದೆ. ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ, 25 ಕೆಜಿವರೆಗಿನ ಪ್ಯಾಕಿಗೆ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ಶೇ 5. ಆ ಬದಲಾವಣೆಯ ಬಿಸಿಯನ್ನು ಅಂಗಡಿಯಲ್ಲಿ ಉಂಡವರು ಹೇಳಿದಾಗ ಮೈಕ್‌ಗಳು ತಾವಾಗಿಯೇ ಆನ್ ಆದವು.

ಹಾಜರಾತಿಯ ಕಥೆ ಬೇರೆ. ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ ಸಲ್ಲಿಸಲು ಕೊನೆಯ ದಿನ. ಅದರ ಹಿಂದಿನ ದಿನಗಳಲ್ಲಿ ಯಾರೂ ಬರುವುದಿಲ್ಲ, ಬಂದವರೂ ಬಿಲ್ ಹುಡುಕುತ್ತಿರುತ್ತಾರೆ. ಇದಕ್ಕೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ, ಆ ದಿನಗಳಿಗೆ ರಜೆ ಕೊಟ್ಟಿದ್ದೇನೆ. ಉಳಿದ ದಿನ ರಾತ್ರಿ ಒಂಬತ್ತೂವರೆಗೆ ಕ್ಲಾಸು. ‘ಮಗೀಗೆ ಊಟ ಮಾಡಿಸ್ಬುಟ್ಟು ಬತ್ತೀನಿ ಸಾ’ ಅನ್ನುವವರಿಗೂ ಅದು ಆಗಿಬರುತ್ತದೆ. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಟ್ ಆಗುವುದು ಒಳ್ಳೆಯದೇ ಆಯಿತು; ದಿನವಿಡೀ ದುಡಿದವರ ತಲೆಗೆ ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಅರ್ಧಕ್ಕರ್ಧ ಜನ ಫೋನಿನಲ್ಲೇ ನೋಡುತ್ತಾರೆ. ಟ್ಯಾಲಿಯ ಇಡೀ ಸ್ಕ್ರೀನ್ ಅಲ್ಲಿ ಇರುವೆ ಸಾಲು. ಎಂಟ್ರಿ ಹಾಕುವ ಪುಟದ, ಅಂದರೆ ವೋಚರಿನ, ಒಂದೊಂದೇ ಭಾಗವನ್ನು ದೊಡ್ಡದು ಮಾಡಿ ತೋರಿಸಬೇಕು. ಫೋನು, ಕಂಪ್ಯೂಟರ್ ಎರಡರಲ್ಲೂ ಬಂದವರು ಒಂದರ ಮೈಕು, ಸ್ಪೀಕರು ಎರಡನ್ನೂ ಆರಿಸದಿದ್ದರೆ ಎಲ್ಲರ ಕಿವಿಯಲ್ಲೂ ಕುಯ್ಯೋ ಅನ್ನುತ್ತದೆ.

ಕ್ಲಾಸಿನ ರೆಕಾರ್ಡಿಂಗ್ ಕಳಿಸಿ ಅಂತ ಎಲ್ಲರೂ ಕೇಳುತ್ತಾರೆ, ಯಾರೂ ನೋಡುವುದಿಲ್ಲ. ಅದನ್ನು ‘ಕ್ರೆಡಿಟ್ ನೋಟ್ ಹಾಕುವುದು’, ‘ಇ-ವೇ ಬಿಲ್ ರದ್ದು ಮಾಡುವುದು’ ಅಂತ ತುಂಡು ಮಾಡಿ ಹೆಸರಿಟ್ಟೆ. ಅಂಗಡಿಯಲ್ಲಿ ಆ ಕೆಲಸ ತಲೆಗೆ ಬಂದ ದಿನ ಹುಡುಕಿ ನೋಡುತ್ತಾರೆ.

ಗೆಲ್ಲಲಾಗದ್ದು ಒಂದಿದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಶುಭೋದಯದ ಚಿತ್ರಗಳ ಕೆಳಗೆ ಹೋಮ್‌ವರ್ಕ್ ಹೂತುಹೋಗುತ್ತಿತ್ತು. ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಮಾಡಿದೆ. ಈಗ ಅಷ್ಟೂ ಜನ ನನ್ನ ನಂಬರಿಗೇ ಕಳಿಸುತ್ತಾರೆ.