ಭೌತವಿಜ್ಞಾನದ ಹೊಸ ಶೋಧವೊಂದನ್ನು ಒರೆಗೆ ಹಚ್ಚುವ ಬಗೆ: ಕೋಲಾರದ ಗಣಿಯ ನಿದರ್ಶನ

ಕಣ್ಣಿಗೆ ಕಾಣದ ಕಣವೊಂದು ಪತ್ತೆಯಾಯಿತೆಂಬ ವರದಿಯನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಂತ್ರದಲ್ಲಿ ಮೂಡಿದ ಇದೇ ಗುರುತನ್ನು ಬೇರೆ ಯಾವುದಾದರೂ ಮೂಡಿಸಬಹುದಿತ್ತೇ? ಆ ಬೇರೆ ಕಾರಣಗಳನ್ನು ಸಂಶೋಧಕರು ಹೇಗೆ ಹೊರಗಿಟ್ಟರೆಂದು ಹುಡುಕುತ್ತ ಹೋದರೆ, ಗಣಿತ ಹೆಚ್ಚು ತಿಳಿಯದವರಿಗೂ ತರ್ಕದ ಎಳೆ ಸಿಗುತ್ತದೆ. ಇದನ್ನು ಅಭ್ಯಾಸ ಮಾಡಲು ಕೋಲಾರ ಚಿನ್ನದ ಗಣಿಯಲ್ಲಿ 1965ರಲ್ಲಿ ನಡೆದ ವಾತಾವರಣದ ನ್ಯೂಟ್ರಿನೊಗಳ (ವಿದ್ಯುದಂಶವಿಲ್ಲದ, ವಸ್ತುವಿಗೆ ತೀರ ಅಪರೂಪಕ್ಕೆ ತಗಲುವ ಕಣಗಳ) ಪತ್ತೆಗಿಂತ ಒಳ್ಳೆಯ ಪಾಠ ನಮ್ಮ ನೆಲದಲ್ಲಿ ಇನ್ನೊಂದಿಲ್ಲವೆಂದು ನನ್ನ ಎಣಿಕೆ.

ಮೊದಲು ಅಡ್ಡಿಯನ್ನು ಗುರುತಿಸಿಕೊಳ್ಳಿ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಆನ್‌ಗಳೂ (ಎಲೆಕ್ಟ್ರಾನಿನಂಥವೇ, ಆದರೆ ಅದಕ್ಕಿಂತ ಭಾರವಾದ ಕಣಗಳು) ನ್ಯೂಟ್ರಿನೊಗಳೂ ಹುಟ್ಟುತ್ತವೆ. ನ್ಯೂಟ್ರಿನೊ ತಾನಾಗಿ ಯಾವ ಗುರುತನ್ನೂ ಬಿಡುವುದಿಲ್ಲ. ಅಪರೂಪಕ್ಕೊಮ್ಮೆ ಅದು ಬಂಡೆಗೆ ಢಿಕ್ಕಿ ಹೊಡೆದಾಗ ಹುಟ್ಟುವ ಮ್ಯೂಆನ್ ಮಾತ್ರ ಯಂತ್ರಕ್ಕೆ ಸಿಗುತ್ತದೆ. ನೆಲದ ಮೇಲಾದರೆ ಆಕಾಶದಿಂದ ನೇರವಾಗಿ ಸುರಿಯುವ ಮ್ಯೂಆನ್‌ಗಳ ನಡುವೆ ಇದನ್ನು ಬೇರ್ಪಡಿಸುವುದು ಅಸಾಧ್ಯ. ಆದ್ದರಿಂದಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಜೊತೆಗೂಡಿ ಚಾಂಪಿಯನ್ ರೀಫ್ ಗಣಿಯೊಳಗೆ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಡಿಟೆಕ್ಟರ್‌ಗಳನ್ನು ಇಟ್ಟರು.

ಆದರೆ ಆಳವೊಂದೇ ಸಾಲದು, ಏಕೆಂದರೆ ತೀರ ಹೆಚ್ಚು ಶಕ್ತಿಯ ಕೆಲವು ಮ್ಯೂಆನ್‌ಗಳು ಅಲ್ಲಿಗೂ ಇಳಿಯುತ್ತವೆ. ಇಲ್ಲಿ ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ನೆಟ್ಟಗೆ ಇಳಿಯುವ ಮ್ಯೂಆನ್ 2.3 ಕಿಲೋಮೀಟರ್ ಬಂಡೆಯನ್ನು ದಾಟಬೇಕು. ಲಂಬದಿಂದ 60 ಡಿಗ್ರಿ ಓರೆಯಾಗಿ ಬಂದರೆ ಬಂಡೆಯ ದಪ್ಪ ಇಮ್ಮಡಿಯಾಗಿ 4.6 ಕಿಲೋಮೀಟರ್ ಆಗುತ್ತದೆ. 80 ಡಿಗ್ರಿಯಾದರೆ 13 ಕಿಲೋಮೀಟರ್ ಮೀರುತ್ತದೆ, ಅಷ್ಟು ದೂರ ಬದುಕಿ ಬರುವ ಮ್ಯೂಆನ್ ಇಲ್ಲವೆಂದೇ ಹೇಳಬಹುದು. ನ್ಯೂಟ್ರಿನೊಗಳಿಗಾದರೋ ಬಂಡೆ ಇದ್ದೂ ಇಲ್ಲದಂತೆ. ಅವು ಎಲ್ಲ ದಿಕ್ಕುಗಳಿಂದಲೂ ಬರುತ್ತವೆ. ಹಾಗಾಗಿ ಅಡ್ಡಲಾಗಿ ಹಾದುಹೋದ ಜಾಡು ಕಂಡರೆ, ಆ ಮ್ಯೂಆನ್ ಗಣಿಯ ಆಸುಪಾಸಿನ ಬಂಡೆಯಲ್ಲೇ ನ್ಯೂಟ್ರಿನೊವಿನಿಂದ ಹುಟ್ಟಿರಬೇಕು. ಡಿಟೆಕ್ಟರ್‌ಗಳನ್ನು ನೆಲಕ್ಕೆ ಹಾಸದೆ ಗೋಡೆಯಂತೆ ನಿಲ್ಲಿಸಿದ್ದರ ಗುಟ್ಟು ಇದೇ: ಜಾಡು ಯಾವ ಕೋನದಲ್ಲಿ ಬಂದಿತೆಂಬುದೇ ಇಲ್ಲಿ ಸಾಕ್ಷಿ. (ಪ್ರಯೋಗದ ವರದಿ ಓದುವವರು ಯಂತ್ರದ ಚಿತ್ರವನ್ನು ಹಾರಿಸಿಬಿಡುವುದುಂಟು, ಅರ್ಧ ತರ್ಕ ಅಲ್ಲಿಯೇ ಇರುತ್ತದೆ.)

ಮುಂದೆ, ಬೇರೆಯವರಿಗೂ ಅದೇ ಫಲ ಸಿಕ್ಕಿತೇ ಎಂದು ವಿಚಾರಿಸಿ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ವಾತಾವರಣದ ನ್ಯೂಟ್ರಿನೊಗಳನ್ನು ಕಂಡಿತು. ಇದೇ ಪರೀಕ್ಷೆ ತಿರುಗುಮುರುಗಾದದ್ದೂ ಉಂಟು. 1980ರ ದಶಕದಲ್ಲಿ ಕೋಲಾರದಲ್ಲೇ 140 ಟನ್ನಿನ ಡಿಟೆಕ್ಟರ್‌ನಿಂದ ಪ್ರೋಟಾನಿನ ಕ್ಷಯವನ್ನು, ಎಂದರೆ ಆ ಕಣ ತಾನಾಗಿ ಒಡೆಯುವುದನ್ನು, ಹುಡುಕಿದಾಗ ಕೆಲವು ಘಟನೆಗಳು ಹಾಗೆಯೇ ತೋರಿದ್ದವು. ಅನಂತರ ಅಮೆರಿಕ ಮತ್ತು ಜಪಾನಿನ ಎಷ್ಟೋ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅದಕ್ಕೆ ಪುಷ್ಟಿ ಸಿಗಲಿಲ್ಲ.

ಆ ಹುಡುಕಾಟದಲ್ಲಿ ಪ್ರೋಟಾನಿನ ಕ್ಷಯದಂಥದೇ ಗುರುತು ಮೂಡಿಸಿ ಅಡ್ಡಿಯಾಗಿದ್ದದ್ದು ವಾತಾವರಣದ ನ್ಯೂಟ್ರಿನೊಗಳೇ. ಮುಂದೆ ಆ ಅಡ್ಡಿಯೇ ಶೋಧದ ವಸ್ತುವಾಯಿತು. ಜಪಾನಿನಲ್ಲಿರುವ 50,000 ಟನ್ ನೀರಿನ ಸೂಪರ್ ಕಾಮಿಯೊಕಾಂಡೆ ಡಿಟೆಕ್ಟರ್‌ನ ವಿಜ್ಞಾನಿಗಳು ಮೇಲಿಂದ ಇಳಿದವುಗಳನ್ನೂ ಭೂಮಿಯನ್ನು ತೂರಿ ಕೆಳಗಿನಿಂದ ಬಂದವುಗಳನ್ನೂ ಬೇರೆಬೇರೆ ಎಣಿಸಿದರು. ನ್ಯೂಟ್ರಿನೊಗಳ ಮೂರು ಬಗೆಗಳಲ್ಲಿ ಒಂದಾದ ಮ್ಯೂಆನ್ ಬಗೆಯವು ಕೆಳಗಿನಿಂದ ಬಂದದ್ದು ಮೇಲಿಂದ ಇಳಿದವುಗಳ ಸುಮಾರು ಅರ್ಧದಷ್ಟೇ. ಹಾದಿಯಲ್ಲಿ ಅವು ಬಗೆ ಬದಲಿಸುತ್ತವೆ, ಎಂದರೆ ಅವುಗಳಿಗೆ ದ್ರವ್ಯರಾಶಿ ಇದೆ, ಎಂದು 1998ರಲ್ಲಿ ಪ್ರಕಟಿಸಿದ್ದು ಈ ಎಣಿಕೆಯ ಬಲದಿಂದ.