ತಂಜಾವೂರಿನಲ್ಲಿ ಫೋನ್ ತೋರಿಸಿದ ನಮ್ಮ ಕಲ್ಲು

ಅಮ್ಮನನ್ನು ತಂಜಾವೂರಿಗೆ ಕರೆದುಕೊಂಡು ಹೋಗುವುದು ನನ್ನ ಬಹಳ ದಿನಗಳ ಆಸೆ. ನಮಗಿಬ್ಬರಿಗೂ ತಮಿಳು ಓದಲು ಬರುವುದಿಲ್ಲ. ಅಮ್ಮನಿಗೆ ಮಂಡಿ ನೋವು ಬೇರೆ. ಹೊರಡುವ ಮುಂಚೆ ಆ ಭಾಗದ ಗೂಗಲ್ ಮ್ಯಾಪ್ ಇಳಿಸಿಟ್ಟುಕೊಂಡೆ. ನೆಟ್ ಕೈಕೊಟ್ಟರೂ ದಾರಿ ಗೊತ್ತಾಗಬೇಕಲ್ಲ.

ಅಲ್ಲಿನ ದೊಡ್ಡ ದೇವಸ್ಥಾನವನ್ನು, ಅಂದರೆ ಬೃಹದೀಶ್ವರ ಗುಡಿಯನ್ನು, ರಾಜರಾಜ ಚೋಳ 1010ರಲ್ಲಿ ಪೂರ್ತಿ ಮಾಡಿಸಿದ ಎಂದು ಪುಸ್ತಕದಲ್ಲಿ ಓದಿಯೇ ಹೋಗಿದ್ದೆ. ಆದರೆ ಅಲ್ಲಿ ನನಗೆ ಬೇಕಿದ್ದದ್ದು ಬೇರೆ. ಮೆಟ್ಟಿಲು ಎಷ್ಟು? ಹಿಡಿದುಕೊಳ್ಳಲು ಕಂಬಿ ಇದೆಯಾ? ಈಗ ಬಾಗಿಲು ತೆಗೆದಿದೆಯಾ? ಆ ಕಡೆ ಬಹಳಷ್ಟು ದೇವಸ್ಥಾನಗಳು ಮಧ್ಯಾಹ್ನ ಮುಚ್ಚಿ ಸಂಜೆ 4ರ ಸುಮಾರಿಗೆ ತೆಗೆಯುತ್ತವೆ. ಯಾರೋ ಹೋದ ವಾರ ಹಾಕಿದ್ದ ಫೋಟೋ ನೋಡಿ ಮೆಟ್ಟಿಲು ಎಣಿಸಿಕೊಂಡೆ. ಸಮಯವನ್ನು ಮಾತ್ರ ಫೋನ್ ಮಾಡಿ ಕೇಳಿಯೇ ಹೊರಟೆ. ಹಬ್ಬದ ದಿನ ಅದು ಬದಲಾಗುತ್ತದೆ.

ಕುಂಭಕೋಣಂ ಬಸ್ ಹತ್ತುವಾಗ ಫೋನಿನ ಅನುವಾದದ ಆ್ಯಪ್ ತೆರೆದು ಬೋರ್ಡಿಗೆ ಕ್ಯಾಮೆರಾ ಹಿಡಿದೆ. ತಮಿಳು ಅಕ್ಷರ ಕನ್ನಡದಲ್ಲಿ ಮೂಡಿತು. ಆದರೂ ಪಕ್ಕದವರನ್ನು ಒಂದು ಮಾತು ಕೇಳಿದೆ. ಜನರನ್ನು ಕೇಳುವುದನ್ನು ಬಿಡಬಾರದು.

ನಾನು ಮರೆಯದೇ ಇರುವುದು ತಂಜಾವೂರಿನ ಅರಮನೆಯ ಶಿಲ್ಪಗಳ ಗ್ಯಾಲರಿಯನ್ನು. ಅಲ್ಲೊಬ್ಬ ಕಲ್ಲಿನ ದ್ವಾರಪಾಲಕ. ಕುಂಭಕೋಣಂ ಹತ್ತಿರದ ದಾರಾಸುರದಲ್ಲಿ ಸಿಕ್ಕಿದ್ದು. ಮಿಕ್ಕ ಚೋಳ ಶಿಲ್ಪಗಳ ನಡುವೆ ಅವನ ಮುಖ, ಒಡವೆ ಎಲ್ಲಾ ಬೇರೆ ಥರ ಕಂಡಿತು. ಯಾಕೆ ಹೀಗೆ? ಅಲ್ಲೇ ನಿಂತು ಹುಡುಕಿದೆ. ಪೀಠದ ಮೇಲಿನ ತಮಿಳು ಬರಹದ ಅರ್ಥ ಸಿಕ್ಕಿತು. ಕಲ್ಯಾಣಪುರವನ್ನು ಸುಟ್ಟು ಈ ದ್ವಾರಪಾಲಕನನ್ನು ತಂದಿದ್ದೇನೆ ಎಂದು ರಾಜಾಧಿರಾಜ ಎಂಬ ಚೋಳ ದೊರೆ ಬರೆಸಿದ್ದಾನೆ. ಕಲ್ಯಾಣ ಅಂದರೆ ಚಾಲುಕ್ಯರ ರಾಜಧಾನಿ, ಇವತ್ತಿನ ಬಸವಕಲ್ಯಾಣ! 11ನೇ ಶತಮಾನದಲ್ಲಿ ಗೆದ್ದವರು ಹೊತ್ತು ತಂದ ಕಲ್ಲು.

ಮೈಯೆಲ್ಲಾ ಜುಮ್ ಎಂದಿತು. ಈ ಪ್ರಶ್ನೆ ಮನೆಯಲ್ಲಿ ಕೂತಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಅವನ ಎದುರು ನಿಂತಾಗಲೇ ಹುಟ್ಟಿತು, ಉತ್ತರವೂ ಆಗಲೇ ಬೇಕಿತ್ತು. ವಾಪಸ್ ಬಂದು ಹುಡುಕೋಣ ಅಂದುಕೊಂಡಿದ್ದರೆ ಮರೆತೇ ಹೋಗುತ್ತಿತ್ತು, ಅಲ್ವಾ?

ಅಮ್ಮನ ತವರು ಹುಮನಾಬಾದ್. ಬಸವಕಲ್ಯಾಣಕ್ಕೆ ಹತ್ತಿರವೇ. ಫೋನಿನಲ್ಲಿ ಇದ್ದದ್ದನ್ನು ಓದಿ ಹೇಳಿದೆ. "ನಮ್ಮ ಕಡೆಯವನಾ ಇವನು?" ಎಂದರು. ಮಂಡಿ ನೋವನ್ನೂ ಮರೆತು ಅವನ ಸುತ್ತ ಒಂದು ಸಲ ಪೂರ್ತಿ ನಡೆದು ಬಂದರು.